ಅಂಜೂರದ ಲೆಕ್ಕ

ಅಲೆಂಟೆಜೊದ ಜುಲೈ ಮಧ್ಯಾಹ್ನ,
ನಾಯಿಯ ನೆರಳೂ ನಾಯಿಯ ಹೊಟ್ಟೆಯಡಿಗೇ ನುಸುಳುವ ಹೊತ್ತು,
ನನ್ನಪ್ಪ ಕುಸ್ಟೋಡಿಯೊ ಬರ್ರಾದಸ್
ಆಲಿವ್ ಮರದ ಕವಲುಕಡ್ಡಿ ಮುರಿದು
ತೊಗಟೆ ಸುಲಿದು ಹೊರಡುತ್ತಿದ್ದ.
ಹಿಂದೆ ಹೊಲದೊಡೆಯ, ಅವನ ಹಿಂದೆ ಅವನ ಹೆಂಡತಿ,
ಎಲ್ಲರ ಹಿಂದೆ, ಗೂಟ ಹೊತ್ತ ನಾನು.

ಮೊದಲು ಮಾತೆ ಮರಿಯಳಿಗೊಂದು ಪ್ರಾರ್ಥನೆ.
ಆಮೇಲೆ ಯಾರೂ ಮಾತಾಡುವಂತಿಲ್ಲ.
ಕಡ್ಡಿ ಬಗ್ಗಿದಲ್ಲಿ ಗೂಟ ಹೊಡೆಯುವುದು ನನ್ನ ಕೆಲಸ.
ಬಗ್ಗುತ್ತಿತ್ತು, ಸುಳ್ಳಲ್ಲ:
ಅಂಗೈಯ ಚರ್ಮ ತಿರುಚಿ ಕೆಂಪಾಗುವ ಹಾಗೆ,
ಕೆಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ.

ಹದಿನೇಳು ಬಾವಿ. ಊರಿಗೇ ಬಾಯಿಪಾಠ.
ಫೆಲಿಜ್ಮಿನಾ ಅಜ್ಜಿಯದು, ಗಾಣದ ಮನೆಯದು,
ಇಗರ್ಜಿಯ ಹಿತ್ತಿಲಿನ ಸಿಹಿನೀರಿನದು.
ಪಾದ್ರಿ ಒಮ್ಮೆ ಉಪದೇಶದ ನಡುವೆ
ಅಪ್ಪನತ್ತ ಬೆರಳು ತೋರಿಸಿದ್ದ:
ವರ ಎಂದರೆ ಇದು.

ಎವೊರಾದಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದಿ
ಅಂತರ್ಜಲದ ನಕ್ಷೆ ಬರೆಯಲು ನಾನೇ ಬಂದೆ.
ನೀರು ಬಾರದ ಗುಂಡಿಗಳು ಎಲ್ಲಿ, ಕೇಳಿದೆ.
ಅಂಥವಿದ್ದವೇ? ಇರಲಿಕ್ಕಿಲ್ಲ.
ಇದ್ದರೂ ಒಂದೋ ಎರಡೋ.
ಅದೂ ಆ ಮನೆಯವನು
ಪಾಪನಿವೇದನೆಗೆ ಹೋದವನೇ ಅಲ್ಲವಲ್ಲ.

ಫೆಲಿಜ್ಮಿನಾ ಅಜ್ಜಿ ಮಾತ್ರ ಅಂಜೂರ ಒಣಹಾಕುತ್ತಾ
ಬೇರೇನೋ ಹೇಳುವವಳಂತೆ ಹೇಳಿದಳು:
ಬರಿಗುಂಡಿಗೆ ಕಲ್ಲು ತುಂಬಿ
ಮೇಲೊಂದು ಅಂಜೂರ ನೆಡುವುದು ನಮ್ಮ ಕಡೆ ರೂಢಿ, ಮಗಳೇ.
ಸಡಿಲ ಮಣ್ಣು. ಬೇರು ಬೇಗ ಇಳಿಯುತ್ತದೆ.
ತಿನ್ನು. ಬಿಡಿಸಿ ನೋಡಬೇಡ,
ಹುಳ ಇಲ್ಲದ ಹಣ್ಣುಂಟೆ?

ಬಿಡಿಸಿ ನೋಡಿದೆ.
ಸಾಲಿಗೆ ಸೇರದೆ, ಗೋಧಿ ಹೊಲದ ನಡುಮಧ್ಯೆ
ದಾರಿ ತಪ್ಪಿದವರಂತೆ ನಿಂತ ಒಂಟಿ ಅಂಜೂರಗಳು:
ನಲವತ್ತಮೂರು.
ಮೂರು ಮೇಕೆಗಳ ನೆರಳಿಗೆ ನೆಟ್ಟವು, ಕಳೆದೆ.
ಒಂದು ಹಕ್ಕಿ ಉದುರಿಸಿದ್ದು, ಅದನ್ನೂ ಕಳೆದೆ.
ಉಳಿದ ಮೂವತ್ತೊಂಬತ್ತರಲ್ಲಿ ಅಪ್ಪನವೆಷ್ಟು,
ಅವನಿಗೆ ಕಡ್ಡಿ ಹಿಡಿಯಲು ಕಲಿಸಿದ ಸೋದರಮಾವನವೆಷ್ಟು?
ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆದುಕೊಂಡೆ.
ಬಾಲ್ಯವಿಡೀ ಲಂಗದ ತುಂಬ ಆಯ್ದು ತಂದು
ನಾನು ತಿಂದ ಸಿಹಿ
ಯಾರೂ ಎಣಿಸದೆ ಬಿಟ್ಟದ್ದರ ಸಿಹಿ.

ಅಪ್ಪನಿಗೆ ಹೇಳಿದೆ. ಸಿಟ್ಟಾಗುತ್ತಾನೆಂದುಕೊಂಡಿದ್ದೆ.
ಹಾಗಾದರೆ ನೋಡಿಯೇ ಬಿಡೋಣ, ಅಂದ.

ಕಣದಲ್ಲಿ ಹತ್ತು ಹಲಗೆ, ಒಂದರಡಿ ನೀರಿನ ಕೊಡ.
ಪ್ರತಿ ಸಲ ಕೊಡ ಬಚ್ಚಿಟ್ಟವನು ಅಂಚೆಯ ಜಸಿಂತು.
ಇಟ್ಟು, ಮುಖ ಕಾಣದಂತೆ ಗೋಡೆಯಾಚೆ ಹೋಗಿ ನಿಲ್ಲುತ್ತಿದ್ದ.
ಯಾವ ಹಲಗೆಯೆಂದು ನನಗೂ ಗೊತ್ತಿರಬಾರದು.
ಮೊದಲು, ಕೊಡ ಕಣ್ಣಿಗೆ ಕಾಣುವಾಗ: ಹತ್ತಕ್ಕೆ ಹತ್ತು.
ಮುಚ್ಚಿದ ಮೇಲೆ: ಇಪ್ಪತ್ತಕ್ಕೆ ಎರಡು.

ಗುಂಪಿನಲ್ಲಿ ಕಾರಣಗಳು ಇರುವೆಯಂತೆ ಎದ್ದವು.
ಕೊಡದ ನೀರು ಸತ್ತ ನೀರು.
ದೇವರನ್ನು ಪರೀಕ್ಷಿಸುವುದುಂಟೆ?
ಮಗಳ ಕಣ್ಣು ಬಿತ್ತು, ಅದಕ್ಕೇ.
ಅಪ್ಪ ಯಾವುದನ್ನೂ ಎತ್ತಿಕೊಳ್ಳಲಿಲ್ಲ.
ಟೋಪಿ ತೆಗೆದು ಹಣೆ ಒರೆಸಿ
ಕಡ್ಡಿಯನ್ನು ನನ್ನ ಕಡೆ ಚಾಚಿದ: ನೀನು ಹಿಡಿ.

ಹಿಡಿದೆ. ಅಂಗೈ ಮೇಲಾಗಿ, ಮೊಣಕೈ ಬಿಗಿಯಾಗಿ.
ಐದು ಹೆಜ್ಜೆ. ಆರು.
ಬಗ್ಗಿತು.

ಕೆಳಗೆ ಬರೀ ಬಂಡೆ, ನಕ್ಷೆಯಲ್ಲಿ ನಾನೇ ಬರೆದದ್ದು.
ಜಗ್ಗಿದ್ದು ನನ್ನದೇ ಕೈ, ಅದೂ ಗೊತ್ತು.
ಗೊತ್ತಿದ್ದೂ, ನಿಲ್ಲು ಎಂದರೂ, ನಿಲ್ಲದೆ ಬಗ್ಗಿತು.
ಐವತ್ತು ವರ್ಷ ಈ ಜಗ್ಗುವಿಕೆಯನ್ನು ಹಿಡಿದು ನಡೆದವನನ್ನು
ಸುಳ್ಳುಗಾರ ಎನ್ನಲಾರೆ.
ನೀರು ಸಿಕ್ಕಿತು ಎಂದೂ ಬರೆಯಲಾರೆ.

ಸಂಜೆ ಆ ಕಡ್ಡಿಯನ್ನು ಅಪ್ಪ
ಟೊಮೇಟೊ ಗಿಡದ ಬುಡಕ್ಕೆ ಆಸರೆಗೆ ನೆಟ್ಟ.
ಬಾಳೆಹಣ್ಣಿನಷ್ಟು ಮೆತ್ತಗೆ, ತಿರುಗಿ ನೋಡದೆ, ಅಂದ:
ಎರಡು ಅಂತಲೇ ಬರಿ.
ಮೂರು ಅಂತ ಬರೆಯಬೇಡ.